ಖಾಲಿ ಬಸ್ಸಿನ ಕಂಡಕ್ಟರ್

ಹದಿನೈದು ದಿನದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಊರಿಗೆ ಮರಳಲು ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದರ ಪಕ್ಕದ್ದೂ ಸಿಕ್ಕಿತು. ಹಿಂದಿನದು, ಮುಂದಿನದು, ಆಚೆ ಸಾಲಿನದು, ಎಲ್ಲವೂ ನನಗೇ. ಇಡೀ ಬಸ್ಸಿಗೆ ನಾನೊಬ್ಬಳೇ ಪ್ಯಾಸೆಂಜರ್!

ನಮ್ಮ ಕಡೆಯ ಬಸ್ಸು ಬಲ್ಲವರು ಇದನ್ನು ನಂಬುವುದಿಲ್ಲ. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ಪ್ರೈವೇಟ್ ಬಸ್ಸು ಇದು (ಬಣ್ಣ ಹಸಿರು, ಹಾಗಾಗಿ ಎಲ್ಲರ ಬಾಯಲ್ಲೂ ಹಸಿರು ಬಸ್ಸು). ಒಂದು ಕಾಲಿಗೆ ಜಾಗ ಸಿಕ್ಕಿದರೆ ಇನ್ನೊಂದು ಕಾಲಿಗೆ ಮುಂದಿನ ಸ್ಟಾಪಿನ ತನಕ ಕಾಯಬೇಕು. ಟಾಪಿನ ಮೇಲೆ ಜನ, ಏಣಿಯ ಮೇಲೆ ಜನ. ಅಂಥ ಬಸ್ಸು ಖಾಲಿ. ಏನಾದರೂ ಬಂದ್ ಇದೆಯೇ? ಅಥವಾ ನನ್ನ ಹೊಸ ಕಣ್ಣಿಗೆ ಜನವೇ ಕಾಣುತ್ತಿಲ್ಲವೇ?

(ಹೊಸ ಕಣ್ಣು ಅಂದೆನಲ್ಲ. ಪೊರೆಯ ಆಪರೇಷನ್ ಆಗಿ ಮೂರು ವಾರ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲೇ ಕೂತಿದ್ದೆ. ಆ ಮೂರು ವಾರದ ಅಂಕಣ ನಾನು ಹೇಳಿದ್ದು, ನಮ್ಮೆಜಮಾನರು ಬರೆದದ್ದು. ಕಾಗುಣಿತದ ತಪ್ಪುಗಳು ಅವರವು.)

ಕಂಡಕ್ಟರ್ ನಿಂಗರಾಜು ಬಂದ. ಇಪ್ಪತ್ತಾರು ವರ್ಷದವನು. ನಮ್ಮ ಊರಿನ ಕಾಲೋನಿಯವನು. (ನಮ್ಮ ಕಡೆ ದಲಿತರ ಕೇರಿಗೆ ಈಗ ಕಾಲೋನಿ ಅಂತ ಹೆಸರು. ಹೆಸರೊಂದೇ ಬದಲಾಗಿರೋದು.) ತಾಲ್ಲೂಕಿನ ಕಬಡ್ಡಿ ತಂಡಕ್ಕೆ ಅವನೇ ಮುಖ್ಯ ರೈಡರ್. ತುಂಬಿದ ಬಸ್ಸಿನಲ್ಲಿ ಯಾರ ಕಾಲೂ ತುಳಿಯದೆ ಹಿಂದಿನಿಂದ ಮುಂದಕ್ಕೆ ಬರುವುದನ್ನು ನೋಡಿದರೆ ಸಾಕು, ಅವನ ಆಟ ಎಂಥದ್ದು ಅಂತ ಗೊತ್ತಾಗುತ್ತೆ. ಮುದುಕಿಯರನ್ನು ಕೈಹಿಡಿದು ಮೇಲಕ್ಕೆಳೆದುಕೊಳ್ಳುವವನು ಅವನೇ. ಅವತ್ತು ನನ್ನನ್ನೂ ಹಾಗೇ ಹತ್ತಿಸಿಕೊಂಡಿದ್ದ.

"ಏನ್ ನಿಂಗರಾಜು, ನನಗೇ ಅಂತ ಸ್ಪೆಷಲ್ ಬಿಟ್ಟಿದ್ದೀರಾ?" ಅಂದೆ.

ಅವನು ನಗಲಿಲ್ಲ. ಟಿಕೆಟ್ ಹರಿದು ಕೊಟ್ಟ. "ನಿಮ್ಗೆ ಗೊತ್ತಿಲ್ವಾ ಅಕ್ಕಾರೆ? ಗೊತ್ತಿಲ್ದೆ ಹತ್ಬುಟ್ಟಿದ್ದೀರ ಬುಡಿ," ಅಂದವನೇ ಹಿಂದಿನ ಬಾಗಿಲಿಗೆ ಹೋಗಿ ನಿಂತ.

ಹೀಗೆ ಅಂದರೆ ನನಗೆ ಸುಮ್ಮನೆ ಕೂರಲಾಗುತ್ತದೆಯೇ? ನಾನೂ ಸೀಟು ಬದಲಾಯಿಸುತ್ತಾ ಬದಲಾಯಿಸುತ್ತಾ ಹಿಂದಕ್ಕೆ ಹೋದೆ. (ಬೇಕಾದಷ್ಟು ಸೀಟಿತ್ತು.) ಕೇಳಿ ಕೇಳಿ ಬಾಯಿ ಬಿಡಿಸಿದೆ.

ನಡೆದದ್ದು ಇಷ್ಟು. ಅದಕ್ಕೆ ಎರಡು ವಾರದ ಹಿಂದೆ ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಕಬಡ್ಡಿ ಟೂರ್ನಮೆಂಟು. ಷೀಲ್ಡು ಕೊಟ್ಟವರು ಈ ಹಸಿರು ಬಸ್ಸಿನ ಮಾಲೀಕರು. ಎಲ್ಲರೂ ಕರೆಯುವುದು ಸಾಹುಕಾರರು ಅಂತ. ಮುಖ್ಯ ಅತಿಥಿಯೂ ಅವರೇ. ಮಧ್ಯಾಹ್ನ ಊಟಕ್ಕೆ ನಮ್ಮ ತಂಡದ ಏಳೂ ಜನ ಚಪ್ಪರದ ಕೆಳಗೆ ಸಾಲಾಗಿ ಕೂತರು. ಬಡಿಸುವವರಲ್ಲಿ ಒಬ್ಬ ಬಂದು ನಿಂಗರಾಜುಗೂ ಅವನ ಕೇರಿಯ ಇನ್ನೊಬ್ಬ ಆಟಗಾರನಿಗೂ, "ನೀವಿಬ್ರೂ ಅಂಗೆ ಗೋಡೆ ಹಿಂದಕ್ಕೆ ಬನ್ನಿ, ಅಲ್ಲಿ ಎಲೆ ಹಾಕಿದೀವಿ" ಅಂದ. ಅವರು ಹೋಗಲಿಲ್ಲ. ಊಟವನ್ನೂ ಮಾಡಲಿಲ್ಲ. ಉಳಿದ ಐವರೂ ತುತ್ತು ಮುಟ್ಟದೆ ಎಲೆ ಮಡಚಿ ಎದ್ದರು.

ಊಟದ ನಂತರ ಫೈನಲ್. ರೆಫರಿ ಸೀಟಿ ಊದಿದ. ನಮ್ಮ ಏಳೂ ಜನ ಹೋಗಿ ನಡುಗೆರೆಯ ಮೇಲೆ ಕೂತುಬಿಟ್ಟರು. ಘೋಷಣೆ ಇಲ್ಲ, ಬೈಗುಳ ಇಲ್ಲ. ಸುಮ್ಮನೆ ಕೂತರು.

ಆಗ ಸಾಹುಕಾರರು ಮೈಕು ತೆಗೆದುಕೊಂಡರು. "ಆಟ ಆಡಕ್ಕೆ ಬಂದೋರು ಆಟ ಆಡ್ಬೇಕು. ಇಲ್ಲಿ ಜಾತಿಗೀತಿ ತರಬಾರ್ದು. ನಾನು ಷೀಲ್ಡು ಕೊಟ್ಟಿರೋದು ಕಬಡ್ಡಿಗೆ, ಧರಣಿಗಲ್ಲ. ಎಲ್ಲಿ ಊಟ ಹಾಕಿದ್ರೇನು, ಹಾಕಿದ್ರಲ್ಲ, ಅದು ದೊಡ್ಡದು," ಅಂದರು.

ಜಾತಿ ತಂದವರು ಯಾರು? ಗೋಡೆ ಹಿಂದೆ ಎಲೆ ಹಾಕಿದವರೋ, ಗೆರೆ ಮೇಲೆ ಕೂತವರೋ? ಸಾಹುಕಾರರಿಗೆ ಆ ಪ್ರಶ್ನೆ ಹೊಳೆಯಲಿಲ್ಲ. ಆದರೆ ಕೇಳಿಸಿಕೊಂಡವರಿಗೆ ಹೊಳೆಯಿತು. ಮಾರನೆಯ ದಿನ ಸೋಮವಾರ ಹಸಿರು ಬಸ್ಸು ಹೊರಟಾಗ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಒಬ್ಬರೂ ಹತ್ತಲಿಲ್ಲ.

"ಯಾರು ಕರೆ ಕೊಟ್ಟಿದ್ದು?" ಅಂದೆ.

"ಯಾರೂ ಇಲ್ಲ ಅಕ್ಕಾರೆ. ಸ್ಟಾಪ್ನಾಗೆ ನಿಂತಿದ್ರು. ಬಸ್ ನಿಲ್ಸುದ್ರೆ ಆಕಡೆ ತಿರುಕ್ಕೊಂಡ್ರು."

"ಒಳ್ಳೇದೇ ಆಯ್ತಲ್ಲ. ನಿನ್ನ ಪರವಾಗಿ ತಾನೆ?"

ನಿಂಗರಾಜು ಹೊರಗೆ ನೋಡಿದ. "ಸಾವ್ಕಾರ್ರು ಅಮಾಸೆ ಗಂಟ ನೋಡ್ತೀನಿ ಅಂದವ್ರೆ. ಬಸ್ ತುಂಬ್ನಿಲ್ಲ ಅಂದ್ರೆ ರೂಟು ಮಾರ್ಬುಡ್ತಾರಂತೆ. ನನ್ ಕೆಲ್ಸನೂ ಅಷ್ಟೇಯ. ನೀನೇ ಜನಕ್ಕೆ ಏಳ್ಲಾ ಅಂತಾರೆ. ಏನಂತ ಏಳ್ಲಿ? ಹತ್ತಿ ಅಂದ್ರೆ ಅವತ್ತು ಕೂತಿದ್ದು ಸುಳ್ಳಾಯ್ತದೆ. ಹತ್ಬ್ಯಾಡಿ ಅಂದ್ರೆ ಮನೇಲಿ ಒಲೆ ಉರಿಯಕಿಲ್ಲ."

ನೋಡಿ, ನಾನು ಇಷ್ಟು ವರ್ಷ ಬರೆದಿದ್ದೇನೆ, ಇಂಥ ಇಕ್ಕಟ್ಟು ಕಂಡಿರಲಿಲ್ಲ. ಅವನ ಮಾನಕ್ಕಾಗಿ ಜನ ಬಸ್ಸು ಬಿಟ್ಟಿದ್ದಾರೆ. ಜನ ಬಸ್ಸು ಬಿಟ್ಟದ್ದಕ್ಕೆ ಅವನ ಕೆಲಸ ಹೋಗುತ್ತದೆ. ಅವನು ದಿನಾ ಅದೇ ಖಾಲಿ ಬಸ್ಸಿನ ಬಾಗಿಲಲ್ಲಿ ನಿಂತು ಊರೂರು ಸುತ್ತಬೇಕು!

ಅಷ್ಟರಲ್ಲಿ ರಸ್ತೆ ಪಕ್ಕದಲ್ಲಿ ಕೆಂಪಮ್ಮ ಕಂಡಳು. ಪಾಂಡವಪುರದಲ್ಲಿ ಸೊಪ್ಪು ಮಾರುವ ಮುದುಕಿ, ನಮ್ಮ ಜನವೇ. ಮಾರಾಟ ಮುಗಿಸಿ, ತಲೆ ಮೇಲೆ ಖಾಲಿ ಕುಕ್ಕೆ ಇಟ್ಟುಕೊಂಡು ಬಿಸಿಲಲ್ಲಿ ನಡೆಯುತ್ತಿದ್ದಳು. ಡ್ರೈವರ್ ತಾನಾಗಿಯೇ ಬಸ್ಸು ನಿಲ್ಲಿಸಿದ.

"ಅಜ್ಜಿ, ಬಿಸ್ಲು ಕಣಜ್ಜಿ. ಹತ್ತು," ಅಂದ ನಿಂಗರಾಜು. ಅವನಿಗೂ ತಡೆಯಲಾಗಲಿಲ್ಲ ಅಂತ ಕಾಣುತ್ತೆ.

"ಸುಮ್ಕಿರ್ಲಾ! ನಿನ್ಗೋಸ್ಕರನೇ ನಡೀತಾ ಇವ್ನಿ, ನೀನೇ ಹತ್ತು ಅಂತೀಯಲ್ಲ!" ಅಂತ ಕೆಂಪಮ್ಮ ಗದರಿದಳು. ಆಮೇಲೆ ಕಿಟಕಿಯಲ್ಲಿ ನನ್ನ ಕಪ್ಪು ಕನ್ನಡಕ ಕಂಡಿತು. "ಅಯ್ಯೋ, ನೀನಾ ಮಗ? ಓದ್ದೋಳು ಒಳ್ಗೆ ಕುಂತಿದ್ದೀಯಾ?"

ನನಗೆ ನಾಚಿಕೆಯಾಯಿತು. ಇಳಿದುಬಿಟ್ಟೆ. ನಿಂಗರಾಜು "ಕಣ್ಣು ಜ್ವಾಪಾನ ಅಕ್ಕಾರೆ" ಅಂತ ಕೈಹಿಡಿದು ಇಳಿಸಿದ. ರೈಟ್ ಅಂತ ಸೀಟಿ ಊದಿದ. ಬಸ್ಸು ಒಬ್ಬ ಪ್ಯಾಸೆಂಜರೂ ಇಲ್ಲದೆ ಹೋಯಿತು. ಮುಂದಿನ ಸರ್ಕಾರಿ ಬಸ್ಸು ಹನ್ನೆರಡಕ್ಕೆ, ಅದೂ ಬಂದರೆ.

ಕೆಂಪಮ್ಮನ ಜೊತೆ ಎರಡು ಮೈಲಿ ನಡೆದೆ. ಕೇಳಬೇಕಾದದ್ದು ಬಹಳ ಇತ್ತು. ಕಾಲು ನೋಯಲ್ವಾ? ನೋಯ್ತದೆ. ಅವನ ಕೆಲಸ ಹೋದರೆ? "ಹೋಗಕಿಲ್ಲ. ಆ ಸಾವ್ಕಾರ ಎಷ್ಟು ದಿನ ಖಾಲಿ ಬಸ್ ಓಡ್ಸಾನು? ನಮ್ ನಿಂಗರಾಜುಗೆ ಅಂಗಂದ್ಬುಟ್ನಲ್ಲ!" ಸರಿ, ಹಾಗಾದರೆ ಗೋಡೆ ಹಿಂದೆ ಎಲೆ ಹಾಕಿದವರಿಗೆ ಏನು ಮಾಡಿದಿರಿ? ಕೆಂಪಮ್ಮ ಯೋಚನೆ ಮಾಡಿದಳು. "ಅವ್ರಿಗೆ ಬಸ್ಸಿಲ್ವಲ್ಲ ಮಗ."

ಕೊನೆಗೆ ಕೇಳಿಯೇಬಿಟ್ಟೆ. "ನಿಂಗರಾಜು ನಿಮ್ಮ ಮನೆಗೆ ಬಂದ್ರೆ ಒಳಗೆ ಕರೀತೀಯಾ?"

"ಜಗುಲಿ ಮ್ಯಾಲೆ ಕೂರುಸ್ತೀನಿ. ಅದೇ ಬ್ಯಾರೆ, ಇದೇ ಬ್ಯಾರೆ ಕಣವ್ವ," ಅಂದಳು. ಸುಳ್ಳಿಲ್ಲ, ಸಂಕೋಚವೂ ಇಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತದೆ, "ಸಾಹುಕಾರ ಹೇಳಿದ್ದು ಸರಿಯೇ ಇದೆ. ಆಟದೊಳಗೆ ಇದೆಲ್ಲ ಯಾಕೆ?" ಅಂದರು. ಹೋದ ವರ್ಷ ದಕ್ಷಿಣ ಆಫ್ರಿಕಾದವರು ನಮ್ಮ ದೇಶಕ್ಕೆ ಬಂದು ಕ್ರಿಕೆಟ್ ಆಡಿದಾಗ ಟೀವಿ ಮುಂದೆ ಕೂತು, ಕಪ್ಪು ಜನರಿಗೆ ಮಾಡಿದ ಅನ್ಯಾಯಕ್ಕೆ ಲೋಕ ಇವರನ್ನು ಅಷ್ಟು ವರ್ಷ ಆಟದಿಂದ ಹೊರಗಿಟ್ಟದ್ದು ಬಹಳ ಸರಿ ಅಂತ ಇಡೀ ಮನೆಗೆ ಪಾಠ ಹೇಳಿದವರೂ ಇವರೇ. ಅದನ್ನು ನೆನಪಿಸಿದೆ. ಪುಟ ತಿರುಗಿಸಿದರು. ಆಫ್ರಿಕಾ ದೂರ ಇದೆ ನೋಡಿ, ಅಲ್ಲಿಯ ನ್ಯಾಯ ಬೇಗ ಕಾಣುತ್ತೆ.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಸಾಹುಕಾರರು ಕಬಡ್ಡಿ ತಂಡ ಪ್ರಾಕ್ಟೀಸ್ ಮಾಡುವ ಮೈದಾನಕ್ಕೆ ಬಂದರಂತೆ. "ಅವತ್ತು ನಾನು ಅಂದಿದ್ದು ತಪ್ಪಾಯ್ತು ಕಣ್ರಪ್ಪ. ನಿಮ್ ಜಾಗದಲ್ಲಿ ನಾನಿದ್ದಿದ್ರೂ ಊಟ ಮಾಡ್ತಿರ್ಲಿಲ್ಲ," ಅಂದರಂತೆ. ಮನಸ್ಸಿನಿಂದ ಅಂದರೋ, ಖಾಲಿ ಸೀಟು ಹಾಗೆ ಹೇಳಿಸಿತೋ? ತಿಳಿಯುವ ಕುತೂಹಲ ನನಗೆ ಈಗಲೂ ಇದೆ. ಕೆಂಪಮ್ಮನಿಗೆ ಇಲ್ಲ. ಮಾರನೆಯ ದಿನ ಮೊದಲು ಹತ್ತಿದವಳು ಅವಳೇ, ಕುಕ್ಕೆ ಸಮೇತ.

ನಿನ್ನೆ ನಿಂಗರಾಜು ನಮ್ಮ ಮನೆಗೆ ಬಂದಿದ್ದ. ನಾಗಮಂಗಲದಿಂದ ನಮ್ಮಕ್ಕ ಬಸ್ಸಿಗೆ ಹಾಕಿ ಕಳಿಸಿದ ತೆಂಗಿನಕಾಯಿ ಚೀಲ ಹೆಗಲ ಮೇಲಿತ್ತು. "ಟಾಪ್ ಮ್ಯಾಲೂ ಜಾಗ ಇಲ್ಲ ಅಕ್ಕಾರೆ! ಕೆಲ್ಸ ಉಳ್ಕೊಳ್ತು," ಅಂತ ಬಾಯಿ ತುಂಬ ನಕ್ಕ. ನನಗೂ ತುಂಬ ಖುಷಿಯಾಯಿತು. ಒಳಗೆ ಬಾ ಅಂದೆ. ಬರಲಿಲ್ಲ, ಜಗುಲಿಯ ಅಂಚಿನಲ್ಲಿ ಕೂತ. ನಾನು ಕಾಫಿ ತಂದೆ. ನಾವು ಕುಡಿಯುವ ಲೋಟದಲ್ಲೇ ತಂದೆ. (ತರುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಇತ್ತು, ಒಪ್ಪಿಕೊಳ್ಳುತ್ತೇನೆ.) ನಮ್ಮತ್ತೆ ಹೊಸಿಲಲ್ಲಿ ನಿಂತಿದ್ದರು. ಲೋಟ ನೋಡಿದರು, ನನ್ನನ್ನು ನೋಡಿದರು.

ನಿಂಗರಾಜು ಕುಡಿದ. ಎದ್ದು ಅಂಗಳದ ನಲ್ಲಿಗೆ ಹೋಗಿ ಲೋಟ ತೊಳೆದ. ನಾನು ಚಾಚಿದ ಕೈಗೆ ಕೊಡಲಿಲ್ಲ, ಜಗುಲಿಯ ತುದಿಯಲ್ಲಿ ಬೋರಲು ಹಾಕಿ ಇಟ್ಟ. ದಿನಾ ನನ್ನ ಕೈಯಿಂದ ಟಿಕೆಟ್ ದುಡ್ಡು ತೆಗೆದುಕೊಳ್ಳುವವನು! "ತೊಳೀಬೇಡ ಕಣೋ, ಇಲ್ಲಿ ಕೊಡು" ಅನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆ ನೋಡುತ್ತಿದ್ದರು. ಮಾತು ಹೊರಗೆ ಬರಲಿಲ್ಲ. "ಬತ್ತೀನಿ ಅಕ್ಕಾರೆ," ಅಂತ ಅವನು ಹೋದ. ಸಂಜೆಯವರೆಗೂ ಆ ಲೋಟವನ್ನು ಯಾರೂ ಒಳಗೆ ತರಲಿಲ್ಲ. ನಾನೂ ತರಲಿಲ್ಲ.

ನಮ್ಮ ಸುತ್ತಿನ ಹಳ್ಳಿಯವರೇ, ಒಂದು ಮಾತು ಆಡಿದ್ದಕ್ಕೆ ಸಾಹುಕಾರರ ಬಸ್ಸನ್ನು ಅಷ್ಟು ದಿನ ಖಾಲಿ ಓಡಿಸಿದಿರಿ; ಒಂದು ಮಾತೂ ಆಡದೆ ನಿಂತ ನನಗೆ ಏನು ಮಾಡ್ತೀರಿ?