ಮಾವ ಐದನೇ ಸಲ ತೀರಿಕೊಂಡ ದಿನ

ಅಶ್ವತ್ಥ್ ವಕೀಲರಿಗೆ ವಾದ ಮಾಡಲು ಭಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅವರಾಗಿ ಯಾರಿಗೂ ಹೇಳುವ ಪೈಕಿ ಅಲ್ಲ. ನೋಡಿದರೆ ಭರ್ಜರಿ ಆಸಾಮಿ. ದಪ್ಪ ಮೀಸೆ, ಕಂಚಿನ ಕಂಠ, ಆರ್.ಟಿ. ನಗರದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ಆಫೀಸು. ಆದರೆ ಜಡ್ಜ್ ಎದುರು ನಿಂತು, ‘ಹ್ಞೂಂ, ವಾದ ಶುರು ಮಾಡಿ’ ಎಂದು ಕೇಳಿಸಿಕೊಂಡರೆ ಸಾಕು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಾಗಾಗಿ ಅವರು ಬೇರೊಂದು ವಿದ್ಯೆಯಲ್ಲಿ ಪಳಗಿದರು. ಅದು ವಾಯಿದೆ ಕೇಳುವ, ಅಂದರೆ ಕೇಸನ್ನು ಮುಂದಿನ ತಾರೀಖಿಗೆ ತಳ್ಳಿಸುವ ವಿದ್ಯೆ.

ಅದರಲ್ಲಿ ಅವರನ್ನು ಮೀರಿಸಿದವರಿಲ್ಲ ಬಿಡಿ. ಜ್ವರ, ಭೇದಿ, ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕು, ಎಲ್ಲವೂ ಅವರ ಬತ್ತಳಿಕೆಯಲ್ಲಿದ್ದವು. ಯಾವುದೂ ನಡೆಯದು ಅನ್ನಿಸಿದಾಗ ಕೊನೆಯ ಬಾಣ ತೆಗೆಯುತ್ತಿದ್ದರು: ‘ನಮ್ಮ ಮಾವನವರು ತೀರಿಕೊಂಡಿದ್ದಾರೆ ಸ್ವಾಮಿ.’ ಸಾವಿಗೆ ಯಾವ ಜಡ್ಜ್ ತಾನೇ ಇಲ್ಲ ಅಂದಾರು? ಜಡ್ಜುಗಳು ವರ್ಗವಾಗುತ್ತಿದ್ದರು, ಹೊಸಬರು ಬರುತ್ತಿದ್ದರು. ಮಾವ ಮಾತ್ರ ಸಾಯುತ್ತಲೇ ಇದ್ದರು.

ಮಾವ ವೆಂಕಟರಾಮಯ್ಯನವರು ಗುಂಡುಕಲ್ಲಿನ ಹಾಗೆ ಬದುಕಿದ್ದರು. ಎಂಬತ್ತು ದಾಟಿದರೂ ಹಲ್ಲು ಬಿದ್ದಿರಲಿಲ್ಲ. ಯಲಹಂಕ ಹಳೇ ಊರಿನ ಅವರ ಮನೆಯ ಮೇಲಂತಸ್ತಿನಲ್ಲೇ ಅಶ್ವತ್ಥ್ ಹೆಂಡತಿ ಮಂಜುಶ್ರೀಯೊಂದಿಗೆ ಸಂಸಾರ ಹೂಡಿದ್ದರು. ಮಾವನ ಮುದ್ದೆ ಉಂಡು, ಮಾವನ ಸೂರಿನಡಿ ಮಲಗಿ, ಕೋರ್ಟಿಗೆ ಹೋಗಿ ಅವರನ್ನೇ ಸಾಯಿಸಿ ಬರುವುದು. ಇಂಥ ಧೈರ್ಯವಂತನಿಗೆ ವಾದ ಮಾಡಲು ಭಯವಂತೆ, ಕೇಳಿ!

ಈ ವಿದ್ಯೆಯಿಂದ ಹೆಚ್ಚು ನೊಂದವರು ಅವರ ಕಕ್ಷಿದಾರರಾದ, ಯಲಹಂಕದ ಹತ್ತಿರದ ಸಿಂಗಾಪುರ ಹಳ್ಳಿಯ ಕೃಷ್ಣಮ್ಮ. ತವರಿನ ಹೊಲ ಲೇಔಟ್ ಆದಾಗ ಅಣ್ಣ ಆನಂದಪ್ಪ ತಂಗಿಯ ಹೆಸರನ್ನೇ ಬಿಟ್ಟು ಎಲ್ಲವನ್ನೂ ತನ್ನದಾಗಿಸಿಕೊಂಡಿದ್ದ. ಆಯಮ್ಮ ಪಾಲು ಕೇಳಿ ದಾವೆ ಹಾಕಿದ್ದರು. ದಾವೆ ಹೂಡಿದಾಗ ತಲೆಗೂದಲು ಕಪ್ಪಗಿತ್ತು, ಈಗ ಪೂರಾ ಹತ್ತಿ. ಕಡೆಗೆ ಈಗಿನ ಜಡ್ಜ್ ಗುಡುಗಿದ್ದರು: ಮುಂದಿನ ತಾರೀಖಿಗೆ ವಾದ ಮಾಡದಿದ್ದರೆ ನಿಮ್ಮ ಕಡೆಯ ವಾದವೇ ಇಲ್ಲವೆಂದು ಬರೆದು ಮುಗಿಸಿಬಿಡುತ್ತೇನೆ. ಹಾಗಾದರೆ ಕೃಷ್ಣಮ್ಮನ ಪಾಲು ಗೋವಿಂದ.

ಅದೇ ಸಮಯಕ್ಕೆ ಆಫೀಸಿಗೆ ಎಐ ಬಂತು. ತಂದವಳು ಜೂನಿಯರ್ ಶೀತಲ್, ಗೋಕಾಕದ ಕಡೆಯ ಚುರುಕು ಹುಡುಗಿ. ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ಓದಿಸಿದಳು. ಕೃಷ್ಣಮ್ಮನ ಕೇಸಿನ ವಾದವನ್ನು ಬರೆ ಅಂದರೆ, ಅವಳು ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬರೆದು ಮುಗಿಸಿತು. ಅಶ್ವತ್ಥ್ ಅದನ್ನು ಓದದೆಯೇ ಫೈಲಿನ ಅಡಿಗೆ ತಳ್ಳಿದರು. ಇಷ್ಟು ದಿನ ‘ತಯಾರಿ ಆಗಿಲ್ಲ’ ಎನ್ನುವ ನೆಪವಾದರೂ ಇತ್ತು. ಈ ಹಾಳು ಯಂತ್ರ ಅದನ್ನೂ ಕಿತ್ತುಕೊಂಡಿತಲ್ಲ!

ವಾದದ ಹಿಂದಿನ ಸಂಜೆ ಅವರಿಗೆ ತಡೆಯಲಾಗಲಿಲ್ಲ. ಶೀತಲ್‌ಳನ್ನು ಕರೆದು, ನನ್ನ ಶೈಲಿಯಲ್ಲೇ ಒಂದು ವಾಯಿದೆ ಅರ್ಜಿ ಬರೆಸಿ ಕಳಿಸಿಬಿಡಮ್ಮ, ಕಾರಣ ಅದೇ ನೋಡಿಕೊಳ್ಳಲಿ ಎಂದು ಹೇಳಿ ಮನೆಗೆ ಹೋಗಿ ಕಂಬಳಿ ಹೊದ್ದು ಮಲಗಿದರು. ಯಂತ್ರ ಅವರ ಇಡೀ ವೃತ್ತಿಯನ್ನು ಓದಿ ಅರಗಿಸಿಕೊಂಡಿತ್ತು. ಕೊನೆಯ ವಾದ ಬಂದಾಗಲೆಲ್ಲ ಈ ವಕೀಲರ ಮಾವ ಸಾಯುತ್ತಾರೆ ಎಂಬುದು ಅದಕ್ಕೆ ಮನದಟ್ಟಾಗಿತ್ತು. ಹಾಗೇ ಬರೆಯಿತು. ಬರೆದು ಸುಮ್ಮನಿರಬಾರದೇ? ತಾರೀಖು ಬದಲಾದರೆ ಕಕ್ಷಿದಾರರಿಗೆ ತಿಳಿಸುವ ಕೆಲಸವನ್ನೂ ಶೀತಲ್ ಅದಕ್ಕೇ ವಹಿಸಿದ್ದಳು. ಸಾವೆಂದ ಮೇಲೆ ಎಲ್ಲರಿಗೂ ತಿಳಿಸುವುದು ಸೌಜನ್ಯ ಎಂದುಕೊಂಡಿತೋ ಏನೋ, ಕಂಪ್ಯೂಟರಿನಲ್ಲಿದ್ದ ಮಾವನವರ ಎಂಬತ್ತನೇ ಹುಟ್ಟುಹಬ್ಬದ ಫೋಟೋ ಹುಡುಕಿ, ಗುಲಾಬಿ ಹಾರ ಸಮೇತ, ‘ಅಂತಿಮ ದರ್ಶನಕ್ಕೆ ಯಲಹಂಕದ ಸ್ವಗೃಹ’ ಎಂದು ಬರೆದು ಎಲ್ಲರ ವಾಟ್ಸಾಪಿಗೂ ಕಳಿಸಿತು.

ಬೆಳಗ್ಗೆ ಮೊದಲು ಬಂದವರು ಕೃಷ್ಣಮ್ಮ, ಕೈಯಲ್ಲಿ ಸೇವಂತಿಗೆ ಹಾರ. ಗೇಟಿನಲ್ಲೇ ರೂಢಿಯಂತೆ ದನಿ ತೆಗೆದು ಅಳುತ್ತ ಒಳಬಂದರು. ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದ ಮುದುಕರನ್ನು ಕಂಡು ಕಣ್ಣೊರೆಸಿಕೊಂಡರು.

“ಯಜಮಾನ್ರುನ್ನ ಎಲ್ ಮಲಗ್ಸವ್ರೆ ಸ್ವಾಮಿ?”

“ಯಾವ್ ಯಜಮಾನ್ರಮ್ಮ?”

ಕೃಷ್ಣಮ್ಮ ಫೋನು ನೋಡಿದರು, ಮುದುಕರ ಮುಖ ನೋಡಿದರು. “ನೀವು ಅವ್ರ ತಮ್ಮನಾ? ಥೇಟ್ ಅವ್ರಂಗೇ ಇದ್ದೀರಾ.”

ವೆಂಕಟರಾಮಯ್ಯ ಕನ್ನಡಕ ಏರಿಸಿ ತಮ್ಮ ಸಾವಿನ ಸುದ್ದಿಯನ್ನು ನಿಧಾನವಾಗಿ, ಒಂದು ಅಕ್ಷರವೂ ಬಿಡದೆ ಓದಿದರು. ಫೋಟೋ ಚೆನ್ನಾಗಿ ಬಂದಿದೆ ಎಂದರು. ಅಷ್ಟರಲ್ಲಿ ಇನ್ನೊಬ್ಬ ಕಕ್ಷಿದಾರ ಮುಜಫ್ಫರ್, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ದೊಡ್ಡ ಡಬ್ಬಿಯಲ್ಲಿ ಇಡ್ಲಿ ತುಂಬಿಸಿಕೊಂಡು ಬಂದರು. ಬಿಸಿ ಆರಿಸುವುದೇಕೆಂದು ಸತ್ತವರೇ ನಾಲ್ಕು ತಿಂದರು. ತಿಂದು ಕೈತೊಳೆದು, ಮಹಡಿಯ ಕಡೆ ಮುಖ ಮಾಡಿ ಅಳಿಯನನ್ನು ಕೂಗಿದರು.

ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಇಳಿದುಬಂದ ಅಶ್ವತ್ಥ್, ಹಾರ ನೋಡಿ, ಕೃಷ್ಣಮ್ಮನನ್ನು ನೋಡಿ, ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು. ಅಷ್ಟು ಹೊತ್ತಿಗೆ ಶೀತಲ್ ಕೂಡ ಓಡೋಡಿ ಬಂದಿದ್ದಳು, ಪಾಪ, ಸಮಾಧಾನ ಹೇಳಲು. ಏನಮ್ಮ ಇದು ಎಂದರೆ, “ನಿಮ್ಮ ಸ್ಟೈಲಿನಾಗ ಬರಸು ಅಂದ್ರಲ್ರೀ ಸರ್. ಇದು ಐದನೇ ಸಲ ಅಂತ ಅದ ಹೇಳ್ತು. ನಾ ನಿಮಗ ಮಾವಂದಿರು ಭಾಳ ಮಂದಿ ಅಂತ ತಿಳ್ಕೊಂಡೆ” ಎಂದಳು.

ಮಾವನವರು ಉಳಿದ ನಾಲ್ಕು ಸಾವುಗಳ ವಿವರ ಕೇಳಿದರು. ಶೀತಲ್ ಫೋನು ನೋಡಿ ಒಂದೊಂದಾಗಿ ಹೇಳಿದಳು. ಹೃದಯಾಘಾತಕ್ಕೆ ಅವರು ತಲೆಯಾಡಿಸಿದರು, ಆಗಬಹುದು ಎಂಬಂತೆ. ಕಾಶಿಯಾತ್ರೆಯಲ್ಲಿ ಸತ್ತಿದ್ದಕ್ಕಂತೂ ಸಂತೋಷವೇ ಆಯಿತು. ನಿದ್ದೆಯಲ್ಲಿ ಹೋದದ್ದನ್ನೂ ಒಪ್ಪಿದರು. ಆದರೆ ಒಮ್ಮೆ ಬಚ್ಚಲಲ್ಲಿ ಜಾರಿಬಿದ್ದು ಸತ್ತಿದ್ದಾರೆಂದು ತಿಳಿದಾಗ ಮುಖ ಕೆಂಪೇರಿತು.

“ಬಚ್ಚಲಲ್ಲಿ? ನಾನು? ನಿಂಗೆ ಬೇರೆ ಜಾಗ ಸಿಗ್ಲಿಲ್ವೇನೋ?”

ಅಶ್ವತ್ಥ್ ಅವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಮಾವನ ಬೈಗುಳ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಕೃಷ್ಣಮ್ಮನ ಮಾತು. ಲಾಯರಪ್ಪನದು ದೊಡ್ಡ ಸಂಸಾರ, ಮಾವಂದಿರು ತುಂಬ ಎಂದುಕೊಂಡಿದ್ದ ಆ ಹೆಂಗಸು ಪ್ರತಿ ಸಾವಿಗೂ ತಲೆಗೆ ನೀರು ಹುಯ್ದುಕೊಂಡು, ದೀಪ ಹಚ್ಚಿ, ಆ ಆತ್ಮಕ್ಕೆ ಶಾಂತಿ ಕೋರಿದ್ದರಂತೆ. ಈಗ ಅವರು ಹಾರವನ್ನು ಜಗಲಿಯ ಮೇಲಿಟ್ಟು ಮೆಲ್ಲಗೆ ಅಂದರು:

“ನಿಮ್ಮಾವ ಸುಳ್ಳುಸುಳ್ಳೇ ಸಾಯ್ತಾವ್ರೆ. ಇಂಗೇ ಆದ್ರೆ ನಾನು ನಿಜವಾಗ್ಲೂ ಓಗ್ಬುಡ್ತೀನಿ ಲಾಯರಪ್ಪ.”

ಅಶ್ವತ್ಥ್ ಅವರಿಗೆ ನಾಚಿಕೆಯಿಂದ ಕಣ್ಣು ಮಂಜಾಯಿತು. ಮಾವ ಒಳಗೆ ಹೋಗಿ ಜರಿ ಪೇಟ ಸುತ್ತಿಕೊಂಡು ಬಂದು, ನಡಿ ಕೋರ್ಟಿಗೆ ಎಂದರು.

ಕೋರ್ಟಿನಲ್ಲಿ ಜಡ್ಜ್ ಅರ್ಜಿ ಓದಿ ಮುಖ ಮೆತ್ತಗೆ ಮಾಡಿದರು. ಸಾವು ಅಂದಮೇಲೆ ಇದೊಂದು ಸಲ ಕೊಡೋಣ, ಬೇರೆ ತಾರೀಖು ಬರೆದುಕೊಳ್ಳಿ ಎಂದರು. ಅಯ್ಯೋ ಶಿವನೇ, ಬಾಯಿಬಿಟ್ಟು ಕೇಳುವ ಮುನ್ನವೇ ಕೊಟ್ಟುಬಿಟ್ಟರು! ಸುಮ್ಮನೆ ತಲೆಬಾಗಿಸಿದರೆ ಸಾಕಿತ್ತು. ಅಶ್ವತ್ಥ್ ಅವರ ತಲೆ ಅಭ್ಯಾಸಬಲದಿಂದ ಅರ್ಧ ಬಾಗಿಯೂ ಬಿಟ್ಟಿತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಮಾವನ ಕೆಮ್ಮು ಕೇಳಿಸಿತು.

“ಅರ್ಜಿ ವಾಪಸ್ ತಗೊಳ್ತೀನಿ ಸ್ವಾಮಿ,” ಎಂದರು ಅಶ್ವತ್ಥ್.

“ಯಾಕೆ? ಮಾವನವರು?”

“ಅಲ್ಲಿ ಕೂತಿದ್ದಾರೆ.”

ವೆಂಕಟರಾಮಯ್ಯ ಎದ್ದು ನಿಂತು ಪೇಟ ಮುಟ್ಟಿ ನಮಸ್ಕಾರ ಮಾಡಿದರು. ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು. ಜಡ್ಜ್ ನಗಲಿಲ್ಲ. ಸುಳ್ಳು ಅರ್ಜಿಯ ವಿಚಾರ ಆಮೇಲೆ ಪ್ರತ್ಯೇಕವಾಗಿ ನೋಡಿಕೊಳ್ಳುತ್ತೇನೆ, ಮೊದಲು ವಾದ ಮಾಡಿ, ಈಗಲೇ, ಎಂದರು.

ನಾಲಿಗೆ ಎಂದಿನಂತೆ ಅಂಗುಳಕ್ಕಂಟಿತು. ಅಶ್ವತ್ಥ್ ಯಂತ್ರ ಬರೆದುಕೊಟ್ಟಿದ್ದನ್ನು ಹಿಡಿದು ತೊದಲುತ್ತ ಓದತೊಡಗಿದರು. ವಾದವೇನೋ ಚೆನ್ನಾಗಿತ್ತು. ಎದುರು ವಕೀಲರು ಆಕಳಿಸಿದರು. ನಡುವೆ ಜಡ್ಜ್ ತಡೆದು ಕೇಳಿದರು: ತಂದೆ ತೀರಿಕೊಂಡ ಮೇಲೆ ಈಯಮ್ಮ ಅಷ್ಟು ವರ್ಷ ಸುಮ್ಮನಿದ್ದದ್ದೇಕೆ? ಆಗಲೇ ಯಾಕೆ ಪಾಲು ಕೇಳಲಿಲ್ಲ?

ಅಶ್ವತ್ಥ್ ಹಾಳೆ ತಿರುವಿದರು. ಇದಕ್ಕೆ ಉತ್ತರ ಅದರಲ್ಲಿರಲಿಲ್ಲ. ಬೆವರೊರೆಸಿಕೊಳ್ಳುತ್ತ ಹಿಂದಕ್ಕೆ ನೋಡಿದರು. ಕೃಷ್ಣಮ್ಮ ಸೆರಗು ಹಿಡಿದು ಕೂತಿದ್ದರು, ಇಷ್ಟು ವರ್ಷ ಪ್ರತಿ ತಾರೀಖಿಗೂ ಕೂತಿದ್ದ ಹಾಗೆಯೇ. ನಾಲಿಗೆ ತಾನಾಗಿ ಬಿಟ್ಟುಕೊಂಡಿತು.

“ಕೇಳಿದ್ರು ಸ್ವಾಮಿ. ಸಾಕ್ಷಿ ಹೇಳಿಕೆಯಲ್ಲೇ ಇದೆ. ಯುಗಾದಿ ಆಗ್ಲಿ ಕೊಡ್ತೀನಿ ಅಂದ ಅಣ್ಣ. ಆಮೇಲೆ ರಾಗಿ ಕೊಯ್ಲಾಗ್ಲಿ ಅಂದ, ಮಗಳ ಮದುವೆ ಮುಗೀಲಿ ಅಂದ. ಈಯಮ್ಮ ಸುಮ್ನೆ ಇರ್ಲಿಲ್ಲ, ನಂಬಿಕೊಂಡಿದ್ರು. ಅಣ್ಣ ವಾಯಿದೆ ತಗೊಳ್ತಿದ್ದ ಸ್ವಾಮಿ. ಆ ವಿದ್ಯೆ ನಂಗೆ ಚೆನ್ನಾಗಿ ಗೊತ್ತು. ನಾನೂ ಈಯಮ್ಮನಿಗೆ ಅದನ್ನೇ ಮಾಡಿದೀನಿ.”

ಎದುರು ವಕೀಲರ ಆಕಳಿಕೆ ಅರ್ಧಕ್ಕೆ ನಿಂತಿತು. ಆಮೇಲೆ ಅಶ್ವತ್ಥ್ ಅವರನ್ನು ನಿಲ್ಲಿಸುವವರಿರಲಿಲ್ಲ. ಊಟದ ಬಿಡುವಿನ ತನಕ ವಾದಿಸಿದರು. ಕೊನೆಗೆ ಜಡ್ಜ್ ಅವರೇ ಸಾಕು ಕೂತ್ಕೊಳ್ಳಿ ಎನ್ನಬೇಕಾಯಿತು.

ತೀರ್ಪು ಕೃಷ್ಣಮ್ಮನ ಕಡೆಗಾಯಿತು. ಸುಳ್ಳು ಅರ್ಜಿಗೆ ಅಶ್ವತ್ಥ್ ಅವರಿಗೆ ದಂಡವೂ ಬಿತ್ತು, ಬೀಳಬೇಕಾದ್ದೇ. ತೀರ್ಪಿನ ಮರುದಿನ ಕೃಷ್ಣಮ್ಮ ಮತ್ತೆ ಸೇವಂತಿಗೆ ಹಾರ ಹಿಡಿದು ಯಲಹಂಕಕ್ಕೆ ಬಂದರು. ಈ ಸಲ ಗೇಟಿನಲ್ಲಿ ಅಳಲಿಲ್ಲ. ಜಗಲಿಯ ಮೇಲಿದ್ದ ವೆಂಕಟರಾಮಯ್ಯನವರ ಕೊರಳಿಗೆ ತಾವೇ ಹಾಕಿದರು.

“ಉಸಾರಾಗಿರಿ ಸ್ವಾಮಿ. ನಮ್ಮಣ್ಣ ಮೇಲಿನ ಕೋರ್ಟ್‌ಗೆ ಓಯ್ತಾನಂತೆ.”

ಅದು ಮುಗಿಯುವವರೆಗೂ ತಾನೆಲ್ಲೂ ಹೋಗುವುದಿಲ್ಲವೆಂದು ಮುದುಕರು ಮೀಸೆ ತಿರುವಿ ಮಾತು ಕೊಟ್ಟರು. ಆದರೂ ಅಂದಿನಿಂದ ಬಚ್ಚಲಿಗೆ ಹೋಗುವಾಗ ಮಾತ್ರ ಗೋಡೆ ಹಿಡಿದುಕೊಂಡೇ ಹೋಗುತ್ತಾರೆ.