ಐದನ್ನು ಬಿಟ್ಟು

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ನಾನು ಮಾಸ್ತರನಾಗಿದ್ದೆ. ಎರಡು ಕಂಪ್ಯೂಟರುಗಳನ್ನು ಜೋಡಿಸಿ ನಡೆಸಿ ತೋರಿಸಿದರೆ ಮಾತ್ರ ಕೇಂದ್ರಕ್ಕೆ ಮಾನ್ಯತೆ, ಕಲಿಯುವವರಿಗೆ ಸರ್ಟಿಫಿಕೇಟು. ಪರೀಕ್ಷಕರು ಬಂದು ಕೂತಿದ್ದರು. ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕಿದ್ದ ಯಂತ್ರದಲ್ಲಿ, ಎರಡನ್ನೂ ಜೋಡಿಸಬೇಕಾದ ನೆಟ್‌ವರ್ಕ್ ಕಾರ್ಡ್ ಏಳಲೇ ಇಲ್ಲ. ಕಾರ್ಡಿಗೆ ಹೊಂದುವ, ಹದಿನೈದರೊಳಗಿನ ಸಂಖ್ಯೆಯೊಂದನ್ನು ಕೊಡಬೇಕಿತ್ತು. ಅದನ್ನು ಬರೆದಿದ್ದ ಚೀಟಿ ಕಳೆದಿತ್ತು.

"ಐದು ಕೊಡ್ರಿ ಮಾಸ್ತರ, ಪಂಚಾಕ್ಷರಿ ಐತಿ. ಶಿವ ಕೈ ಬಿಡಂಗಿಲ್ಲ," ಎಂದರು ವಿಭೂತಿ ಹಚ್ಚಿದ್ದ ಮಾಲೀಕರು.

"ಹಂಗಾದ್ರ ಶಿವನ್ನೇ ಕರೀರಿ, ಬಂದು ಹಾಕ್ಲಿ."

"ನಿಮ್ಮ ನಾಲಿಗಿ ಭಾಳ ಉದ್ದ ಐತಿ ನೋಡ್ರಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು ನಾನು. ಕಾರಣ ಪೊಳ್ಳಾದರೆ ತೀರ್ಮಾನವೂ ಪೊಳ್ಳು ಎಂದುಕೊಂಡೆ. ಮೂರು, ಏಳು, ಒಂಬತ್ತು, ಹತ್ತು ಎಂದು ಒಂದೊಂದನ್ನೇ ಕೊಟ್ಟು, ಪ್ರತಿ ಸಲವೂ ಯಂತ್ರವನ್ನು ಮತ್ತೆ ಶುರು ಮಾಡಿದೆ. ಐದನ್ನು ಮಾತ್ರ ಮುಟ್ಟಲಿಲ್ಲ. ಪರೀಕ್ಷಕರು ಕಾದು ಕಾದು, "ಆಗಂಗಿಲ್ ಬಿಡ್ರಿ" ಎಂದು ಬರೆದುಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದರು.

ಆಮೇಲೆ ಐದು ಕೊಟ್ಟೆ. ಎರಡೂ ಯಂತ್ರಗಳು ಒಂದನ್ನೊಂದು ಗುರುತಿಸಿದವು.

ಮಾಲೀಕರು ಬೈದಿದ್ದರೆ ವಾದಿಸುತ್ತಿದ್ದೆ. ಐದು ಬರೀ ಕಾಕತಾಳೀಯ ಎನ್ನುತ್ತಿದ್ದೆ, ಅದು ನಿಜವೂ ಹೌದು. ಅವರು ಬೈಯಲಿಲ್ಲ.

"ಮಸ್ಕಿಯಿಂದ ಬರೋ ಹುಡುಗ್ಯಾರಿಗೆ ನಾಳೆ ನೀವೇ ಹೇಳ್ರಿ, ಸರ್ಟಿಫಿಕೇಟ್ ಇಲ್ಲಂತ."

ಮರುದಿನ ಮಸ್ಕಿಯ ಬಸ್ಸು ಬರುವ ಹೊತ್ತಿಗೆ ನಾನೇ ಬಾಗಿಲಲ್ಲಿ ನಿಂತಿದ್ದೆ.