ಓಕೆ ಎಂಬ ಎರಡಕ್ಷರ

ಆ ಎರಡಕ್ಷರಕ್ಕೆ ಬೆಂಕಿ ಬೀಳಲಿ. ಇಷ್ಟು ವರ್ಷ ಅದರಿಂದಲೇ ಹೊಟ್ಟೆ ಹೊರೆದ ಚೆಕರಮ್ಮನಿಗೆ ಕೊನೆಗೆ ಅದೇ ಕೈಕೊಟ್ಟಿತು.

ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಹೊಲಿದು ಬಂದ ಅಂಗಿಯ ಕಾಲರ್ ಮಗುಚಿ ನೋಡಿ, ಕಾಜಗಳಿಗೆ ಗುಂಡಿ ಹಾಕಿ ತೆಗೆದು, ತಪ್ಪಿಲ್ಲದಿದ್ದರೆ 'ಓಕೆ' ಎಂಬ ದುಂಡನೆಯ ಚೀಟಿ ಅಂಟಿಸುವುದು ಅವಳ ಕೆಲಸ. ಅವಳ ಪಾಲಿಗೆ ಆ ಮಾತಿಗೆ ಇದ್ದುದು ಒಂದೇ ಅರ್ಥ: ಇನ್ನು ಚಿಂತೆಯಿಲ್ಲ. ತೋಳಿಗೆ ಅಂಟಿಕೊಂಡು ಮನೆಗೆ ಬಂದ ಚೀಟಿಯನ್ನು ಗಂಡ ಕಿತ್ತು ತನ್ನ ಎದೆಗೆ ಹಚ್ಚಿಕೊಂಡು, "ನಾನೂ ಪಾಸಾ?" ಎನ್ನುತ್ತಿದ್ದ.

ಹಾಸ್ಟೆಲಿನಲ್ಲಿ ಓದುವ ಮಗಳು ಒಮ್ಮೆ ಹೇಳಿದ್ದಳು: "ಅಮ್ಮಾ, ಅದು ಹುಟ್ಟಿದ್ದೇ ತಮಾಷೆಗಂತೆ. 'ಎಲ್ಲಾ ಸರಿ' ಅನ್ನೋದನ್ನ ಇಂಗ್ಲಿಷಲ್ಲಿ ಬೇಕಂತ್ಲೇ ತಪ್ಪಾಗಿ ಬರೆದು, ಮೊದಲಿನ ಅಕ್ಷರಗಳನ್ನ ಮಾತ್ರ ಪೇಪರಲ್ಲಿ ಹಾಕಿದ್ರಂತೆ."

"ತಪ್ಪು ಬರೆದು ಸರಿ ಅಂದ್ರಾ! ನಮ್ಮ ಸೂಪರ್‌ವೈಸರ್ ಆಗಿದ್ರೆ ಬಿಚ್ಚಿ ಹೊಲೀರಿ ಅಂತಿದ್ದ!" ಮನೆಯವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ಗಂಡ ಎದೆ ಹಿಡಿದುಕೊಂಡು ಕುಸಿದ ದಿನ ಆ ನಗು ಎಲ್ಲಿತ್ತು? ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಗಡಿಬಿಡಿಯಲ್ಲಿ ಏನೇನೋ ಹೇಳಿದರು. ಅವಳ ಕಿವಿ ಗುಂಯ್‌ಗುಡುತ್ತಿತ್ತು. "ನಮ್ಮ ಪ್ರಯತ್ನ ನಾವು ಮಾಡ್ತೀವಿ. ಹತ್ತಿರದವರನ್ನ ಕರೆಸಿಬಿಡಿ. ಓಕೆ?"

ಕೊನೆಯ ಮಾತೊಂದೇ ಒಳಗಿಳಿಯಿತು. ಅವರು ಕೇಳಿದ್ದು 'ತಿಳಿಯಿತಾ' ಎಂದು. ಇವಳು ಅದನ್ನು ಚೀಟಿ ಮಾಡಿ ಗಂಡನಿಗೆ ಅಂಟಿಸಿದಳು. ಹೋದ ಜೀವ ಬಂದಂತಾಗಿ, ಸುದ್ದಿ ಕೇಳಿ ಆಗಲೇ ಊರಿನ ಬಸ್ಸು ಹತ್ತಿದ್ದ ಮಗಳಿಗೆ ಕೂಡಲೇ ಫೋನ್ ಮಾಡಿದಳು.

"ಅಪ್ಪ ಓಕೆ ಅಂತೆ ಪುಟ್ಟಿ, ಡಾಕ್ಟರೇ ಹೇಳಿದ್ರು! ಬಸ್ ಇಳಿ. ನಾಳೆ ಪರೀಕ್ಷೆ ಬರೆದೇ ಬಾ."

ಸ್ವಲ್ಪ ಹೊತ್ತಿಗೆ ನರ್ಸ್ ಬಂದು, "ಮಕ್ಕಳು ಬಂದ್ರಾ? ತಡ ಮಾಡ್ಬೇಡಿ," ಎಂದಳು.

"ಓಕೆ ಅಂದ್ರಲ್ಲಮ್ಮಾ! ನನ್ನ ಕಿವಿಯಾರೆ ಕೇಳಿದೀನಿ!" ಎಂದು ಚೆಕರಮ್ಮ ಅವಳ ಕೈ ಹಿಡಿದು ಗೋಗರೆದಳು. ಮತ್ತೆ ಫೋನ್. ಮಗಳು ಮುಂದಿನ ಬಸ್ಸು ಹಿಡಿದಳು. "ಬರ್ತಿದಾಳೆ ರೀ, ಒಂಚೂರು ತಡ್ಕೊಳ್ಳಿ," ಎಂದು ಗಂಡನ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಅವನು ತಡೆದುಕೊಳ್ಳಲಿಲ್ಲ.

ಮಗಳು ಓಡಿಬರುವ ಹೊತ್ತಿಗೆ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ.

"ಹತ್ತಿದ ಬಸ್ಸು ಇಳಿದುಬಿಟ್ಟೆನಲ್ಲಮ್ಮಾ," ಎಂದಳು, "ನೀನು ಓಕೆ ಅಂದೆ ಅಂತ."